ಅತ್ತರೆ ತೊಳೆದು ಹೋಗುತ್ತಾ? ಪಶ್ಚಾತ್ತಾಪದ ಬಗ್ಗೆ ಒಂದು ಪ್ರಶ್ನೆ

ಹಳೇ_ಗುಮಾಸ್ತ (ದಾವಣಗೆರೆ):

ಬರೆಯಲೋ ಬೇಡವೋ ಅಂತ ಮೂರು ವಾರ ಯೋಚಿಸಿದೆ. ಇಲ್ಲಿ ನಿಜವಾದ ಹೆಸರು ಹಾಕಬೇಕಿಲ್ಲವಲ್ಲ, ಹಾಗಾಗಿ ಧೈರ್ಯ ಬಂತು.

ನಾನು ಸಿಎಸ್‌ಐ ಸಭೆಯವನು, ಅಂದರೆ ಪ್ರೊಟೆಸ್ಟೆಂಟ್ ಕ್ರೈಸ್ತ. ಹೆಂಡತಿಯ ತವರು ಹರಿಹರದ ಹತ್ತಿರ, ಅವರು ಕಥೋಲಿಕರು. 2008ರಿಂದ 2012ರ ತನಕ ಎಪಿಎಂಸಿ ಯಾರ್ಡಿನ ಒಂದು ದಲ್ಲಾಳಿ ಮಂಡಿಯಲ್ಲಿ ಗುಮಾಸ್ತನಾಗಿದ್ದೆ. ಯಾವ ಮಂಡಿ ಅಂತ ಕೇಳಬೇಡಿ. ಮೆಕ್ಕೆಜೋಳದ ಸೀಸನ್ನಲ್ಲಿ ತೂಕ ಬರೆಯುವುದು ನನ್ನ ಕೆಲಸ. ಹಮಾಲರು ಚೀಲ ಎತ್ತಿ ಕಾಟಾ ಮೇಲೆ ಇಡುತ್ತಾರೆ. ನಾನು ತೂಕ ಜೋರಾಗಿ ಕೂಗಿ ಪುಸ್ತಕದಲ್ಲಿ ಬರೆಯಬೇಕು. 61 ಕೆ.ಜಿ. ಇದ್ದರೆ 60 ಅಂತ ಕೂಗುತ್ತಿದ್ದೆ. ರೈತ ಆ ಕಡೆ ಚೀಲ ಎಣಿಸುತ್ತಾ ನಿಂತಿರುತ್ತಿದ್ದ. ಸಂಜೆ ನನ್ನ ಪಾಲು ಐವತ್ತೋ ನೂರೋ ಕೈಗೆ ಬರುತ್ತಿತ್ತು. ಅದರಲ್ಲಿ ಮಂಡಕ್ಕಿ ಮಿರ್ಚಿ ತಿಂದು, ಮಗಳಿಗೂ ಕಟ್ಟಿಸಿಕೊಂಡು ಮನೆಗೆ ಹೋಗುತ್ತಿದ್ದೆ.

ಕಳೆದ ತಿಂಗಳು ಒಂದು ಉಜ್ಜೀವನ ಕೂಟಕ್ಕೆ ಹೋಗಿದ್ದೆ. ಎಲ್ಲರೂ ಅಳುತ್ತಿದ್ದರು, ನಾನೂ ಅತ್ತೆ. ಜೀವಮಾನದಲ್ಲಿ ಅಷ್ಟು ಅತ್ತಿರಲಿಲ್ಲ. ಪ್ರಸಂಗ ಮಾಡಿದವರು ತಲೆ ಮೇಲೆ ಕೈಯಿಟ್ಟು, ಎಲ್ಲ ತೊಳೆದು ಹೋಯಿತು, ಎದ್ದು ನಡೆ ಅಂದರು. ಎರಡು ದಿನ ಹತ್ತಿಯ ಹಾಗೆ ಹಗುರಾಗಿದ್ದೆ. ಮೂರನೇ ದಿನ ಬೈಕಲ್ಲಿ ಯಾರ್ಡಿನ ಮುಂದೆ ಹೋಗುವಾಗ ಜೋಳದ ಧೂಳಿನ ವಾಸನೆ ಬಂತು ನೋಡಿ, ಎಲ್ಲ ವಾಪಸ್.

ನಮ್ಮ ಆರಾಧನೆಯಲ್ಲಿ ಪಾಪದ ಅರಿಕೆ ಇರುತ್ತದೆ. ಎಲ್ಲರೂ ಮೊಣಕಾಲೂರಿ ಒಟ್ಟಿಗೆ ಹೇಳುತ್ತೇವೆ. ಹಾಗೆ ಹೇಳುವಾಗ ಅದು ಎಲ್ಲರ ಪಾಪ. 61ನ್ನು 60 ಅಂತ ಕೂಗಿದ್ದು ಮಾತ್ರ ನನ್ನೊಬ್ಬನದು. ಹೆಂಡತಿ "ನಮ್ಮ ಸ್ವಾಮಿಗಳ ಹತ್ತಿರ ಪಾಪನಿವೇದನೆ ಮಾಡಿ" ಅಂತಾಳೆ. ತೊಳೆದು ಹೋಗುವುದು ಅಂದರೆ ಏನು? ಹೋಗಿದ್ದರೆ ಮತ್ತೆ ಯಾಕೆ ಕಾಣುತ್ತದೆ?

ತುಂಗೆಯ_ದಂಡೆ (ಹರಿಹರ):

ಅಣ್ಣಾ, ಮೊದಲು ಒಂದು ವಿಷಯ. ನೀವು ಕಥೋಲಿಕರಲ್ಲ, ಹಾಗಾಗಿ ಪಾಪನಿವೇದನೆಯನ್ನು ಸಂಸ್ಕಾರವಾಗಿ ಕೊಡಲು ಸಾಮಾನ್ಯವಾಗಿ ಆಗುವುದಿಲ್ಲ. ಆದರೆ ಹೋಗಿ ಮನಸ್ಸು ಬಿಚ್ಚಿ ಮಾತಾಡಬಹುದು. ಯಾವ ಗುರುಗಳೂ ಬೇಡ ಅನ್ನುವುದಿಲ್ಲ.

ಹೊರಗಿನವರು ನಮ್ಮದನ್ನು ಸುಲಭ ಅಂದುಕೊಳ್ಳುತ್ತಾರೆ. ಹೋದರು, ಹೇಳಿದರು, ಬಂದರು ಅಂತ. ಅದರಲ್ಲಿ ನಾಲ್ಕು ಭಾಗ ಇದೆ. ಮನಸ್ಸಿಗೆ ನೋವಾಗಬೇಕು, ಬಾಯಿಬಿಟ್ಟು ಹೇಳಬೇಕು, ಗುರುಗಳು ಕ್ಷಮೆಯ ಮಾತು ಹೇಳಬೇಕು, ಕೊನೆಗೆ ಪ್ರಾಯಶ್ಚಿತ್ತ ಮಾಡಬೇಕು. ವರ್ಷಕ್ಕೆ ಒಂದು ಸಲವಾದರೂ ಮಾಡಲೇಬೇಕು ಅನ್ನುವ ನಿಯಮ 1215ರಿಂದ ಇದೆ. ಕೇಳಿದ್ದನ್ನು ಗುರುಗಳು ಯಾರಿಗೂ ಹೇಳುವ ಹಾಗಿಲ್ಲ, ಕೋರ್ಟ್ ಕೇಳಿದರೂ ಇಲ್ಲ. ಹೇಳಿದರೆ ಅವರೇ ಸಭೆಯಿಂದ ಹೊರಗೆ.

ನನ್ನ ಕಥೆ ಕೇಳಿ. ಅಮ್ಮ ತೀರಿಕೊಂಡಾಗ ಅವರ ಬೋರಮಾಳ ಸರ ನನ್ನ ಹತ್ತಿರ ಉಳಿಯಿತು. ತಂಗಿಗೆ "ಅಮ್ಮ ಇರುವಾಗಲೇ ಅಡವಿಟ್ಟಿದ್ದು, ಮುಳುಗಿಹೋಯಿತು" ಅಂದೆ. ನಾಲ್ಕು ವರ್ಷ ಸರ ಬೀರುವಿನಲ್ಲಿ, ಹಳೇ ಸ್ವೆಟರಿನೊಳಗೆ. ಹಾಕಿಕೊಳ್ಳಲೂ ಆಗುತ್ತಿರಲಿಲ್ಲ, ಯಾರಾದರೂ ನೋಡಿದರೆ? ಒಂದು ತಪಸ್ಸುಕಾಲದಲ್ಲಿ (ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು) ತಡೆಯಲಾಗದೆ ಹೋಗಿ ಹೇಳಿದೆ. ಅರ್ಧ ಗಂಟೆ ಅತ್ತಿದ್ದೇನೆ. ಗುರುಗಳು ಎಲ್ಲ ಕೇಳಿ ಒಂದೇ ಮಾತು ಕೇಳಿದರು. "ಸರ ಈಗ ಎಲ್ಲಿದೆ ಅಮ್ಮಾ?"

ಜಪಮಾಲೆ ಹೇಳಿಕೋ ಅಂತಾರೆ ಅಂದುಕೊಂಡಿದ್ದೆ. ತಂಗಿ ಮನೆಗೆ ಹೋಗು ಅಂದರು. ಹೋದೆ. ಅವಳು ಸರ ತೆಗೆದುಕೊಂಡು ಬಾಗಿಲು ಹಾಕಿದಳು. ಆರು ತಿಂಗಳು ಮಾತಾಡಲಿಲ್ಲ. ಸೆಪ್ಟೆಂಬರ್ 8ಕ್ಕೆ ಆರೋಗ್ಯಮಾತೆಯ ಹಬ್ಬದಲ್ಲಿ ಜನಜಂಗುಳಿಯ ನಡುವೆ ಅವಳೇ ಬಂದು ಪಕ್ಕದಲ್ಲಿ ನಿಂತಳು. ಏನೂ ಹೇಳಲಿಲ್ಲ. ಮೇಣದಬತ್ತಿ ಹಚ್ಚಲು ನನ್ನ ಕೈಯಿಂದ ಬೆಂಕಿಪೆಟ್ಟಿಗೆ ತೆಗೆದುಕೊಂಡಳು ಅಷ್ಟೇ.

ಕೋಟೆ_ಹುಡುಗ (ಚಿತ್ರದುರ್ಗ):

ಅಕ್ಕಾ, ನಿಮ್ಮ ಸಾಕ್ಷಿ ಚೆನ್ನಾಗಿದೆ. ಆದರೆ ಮನುಷ್ಯನ ಮುಂದೆ ಯಾಕೆ ಹೋಗಬೇಕು? ಬೈಬಲಿನಲ್ಲಿ 1 ಯೋಹಾನ 1:9 ಓದಿ. ನಾವು ಪಾಪಗಳನ್ನು ಒಪ್ಪಿಕೊಂಡರೆ ದೇವರೇ ಕ್ಷಮಿಸಿ ಶುದ್ಧಿ ಮಾಡುತ್ತಾನೆ ಅಂತ ಇದೆ. ನಡುವೆ ದಲ್ಲಾಳಿ ಬೇಕಿಲ್ಲ. (ಕ್ಷಮಿಸಿ ಗುಮಾಸ್ತಣ್ಣ, ಆ ಪದ ಸುಮ್ನೆ ಬಾಯಿಗೆ ಬಂತು.)

ನಾನು ದೀಕ್ಷಾಸ್ನಾನ ತೆಗೆದುಕೊಂಡಿದ್ದು ಕೃಷಿ ಹೊಂಡದಲ್ಲಿ. ನಮ್ಮ ಕಡೆ ನೀರಿನ ಕಥೆ ಗೊತ್ತಲ್ಲ. ಏಪ್ರಿಲ್ ತಿಂಗಳು, ಕೆರೆ ಒಣಗಿ ಬಿರುಕು ಬಿಟ್ಟಿತ್ತು. ಒಬ್ಬ ಅಣ್ಣನ ದಾಳಿಂಬೆ ತೋಟದ ಹೊಂಡ, ಒಳಗೆಲ್ಲ ಕಪ್ಪು ಪ್ಲಾಸ್ಟಿಕ್ ಹಾಳೆ, ಪಾಚಿ ಕಟ್ಟಿ ಜಾರುತ್ತಿತ್ತು. ನನ್ನನ್ನು ಮುಳುಗಿಸಲು ಬಂದ ಪಾಸ್ಟರ್ ಕಾಲು ಜಾರಿ ನನಗಿಂತ ಮೊದಲು ಮುಳುಗಿದರು. ಎಲ್ಲರೂ ನಕ್ಕರು. ಆದರೂ ಮೇಲೆ ಬಂದಾಗ ನನ್ನೊಳಗೆ ಆದ ಬದಲಾವಣೆ ನನಗೆ ಗೊತ್ತು. ಹಳೆಯ ಮನುಷ್ಯ ಆ ಹೊಂಡದಲ್ಲೇ ಉಳಿದ.

ಗುಮಾಸ್ತಣ್ಣ, ಹಳೆಯದನ್ನು ಕೆದಕಿ ನೆನಪಿಸುವವನು ಸೈತಾನ. ಕ್ಷಮೆ ಸಿಕ್ಕಿದೆ ಅಂತ ನಂಬಿ. ಮುಗಿಯಿತು.

ಪಕ್ಕದ_ಮನೆಯವ (ದಾವಣಗೆರೆ):

ನಾನು ಕ್ರೈಸ್ತನಲ್ಲ. ಮಠಕ್ಕೆ ನಡೆದುಕೊಳ್ಳುವ ಮನೆ ನಮ್ಮದು. ಗೆಳೆಯ ಲಿಂಕ್ ಕಳಿಸಿದ, ಓದಿದೆ. ಓದಿ ಸಿಟ್ಟು ಬಂತು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಪ್ಪ ಅದೇ ಯಾರ್ಡಿಗೆ ಜೋಳ ತರುತ್ತಿದ್ದರು ಸ್ವಾಮಿ. ರಾತ್ರಿಯೆಲ್ಲ ಟ್ರ್ಯಾಕ್ಟರ್ ಮೇಲೆ, ಚೀಲದ ಮೇಲೇ ಮಲಗಿ. ಯಾವ ಮಂಡಿ ಅಂತ ನೀವು ಹೇಳಲಿಲ್ಲ, ನಾನೂ ಕೇಳುವುದಿಲ್ಲ. ನೀವು ಕೂಟದಲ್ಲಿ ಅತ್ತಿರಿ, ದೇವರು ಕ್ಷಮಿಸಿದ, ನೀವು ಹಗುರಾದಿರಿ. ನಮ್ಮಪ್ಪನ ಒಂದೊಂದು ಕೆ.ಜಿ. ಎಲ್ಲಿ ಹೋಯಿತು? ಅಂತರಂಗ ಶುದ್ಧಿ, ಬಹಿರಂಗ ಶುದ್ಧಿ ಎರಡೂ ಬೇಕು ಅಂತ ನಮ್ಮಲ್ಲಿ ಹೇಳುತ್ತಾರೆ. ನಿಮ್ಮಲ್ಲಿ ಒಂದೇ ಸಾಕಾ?

ಜಗಳಕ್ಕೆ ಕೇಳುತ್ತಿಲ್ಲ. ನಿಜವಾಗಿ ಕೇಳುತ್ತಿದ್ದೇನೆ.

ನಿವೃತ್ತ_ಸಭಾಪಾಲಕ:

ಪಕ್ಕದ ಮನೆಯವರೇ, ನಿಮ್ಮ ಸಿಟ್ಟು ಸರಿಯಾಗಿದೆ. ನಮ್ಮ ಪ್ರವಾದಿಗಳು ಇದೇ ಸಿಟ್ಟಿನಲ್ಲಿ ಮಾತಾಡಿದ್ದಾರೆ. ಕಳ್ಳ ತಕ್ಕಡಿ, ಕಡಿಮೆ ತೂಕದ ಮೇಲೆ ಆಮೋಸ, ಮೀಕ ಇಬ್ಬರೂ ಹರಿಹಾಯುತ್ತಾರೆ. ಎರಡೂವರೆ ಸಾವಿರ ವರ್ಷಕ್ಕೂ ಹಿಂದಿನ ಮಾತು. ಅಂದರೆ ಗುಮಾಸ್ತರ ಪಾಪ ಹೊಸದೇನಲ್ಲ.

ಸ್ನಾನಿಕ ಯೋಹಾನ ಯೊರ್ದನ್ ಹೊಳೆಯ ದಡದಲ್ಲಿ ಕೂಗಿದ ಮಾತನ್ನು ಹಳೆಯ ಕನ್ನಡ ಸತ್ಯವೇದದಲ್ಲಿ (ಬೈಬಲಿನಲ್ಲಿ) "ದೇವರ ಕಡೆಗೆ ತಿರುಗಿಕೊಳ್ಳಿರಿ" ಅಂತ ಹಾಕಿದ್ದಾರೆ. ಎಷ್ಟು ಒಳ್ಳೆಯ ಕನ್ನಡ! ಗ್ರೀಕ್ ಪದ ಮೆಟನೋಯಾ, ಮನಸ್ಸು ಬದಲಾಗುವುದು. ಅದರ ಹಿಂದಿರುವ ಹೀಬ್ರೂ ಪದ ಶೂವ್, ಬಂದ ದಾರಿಯಲ್ಲಿ ವಾಪಸ್ ತಿರುಗುವುದು. ಎರಡರಲ್ಲೂ ಅಳು ಅನ್ನುವ ಅರ್ಥ ಇಲ್ಲ. ಅಳು ಬಂದರೆ ಬರಲಿ. ಆದರೆ ಹಗುರಾಗಿದ್ದೇ ತಿರುಗಿದ ಗುರುತು ಅಂತ ತಿಳಿದರೆ ಮೋಸ ಹೋಗುತ್ತೇವೆ. ಜ್ವರದ ಮಾತ್ರೆ ನುಂಗಿದರೂ ಮೈ ಹಗುರಾಗುತ್ತದೆ.

ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಮೇಲೆ ಇಪ್ಪತ್ತು ಸಲವಾದರೂ ಪ್ರಸಂಗ ಮಾಡಿದ್ದೇನೆ. ಮಕ್ಕಳಿಗೆ ಮರ ಹತ್ತಿದ ಕುಳ್ಳನ ಕಥೆ ಬಹಳ ಇಷ್ಟ. ದೊಡ್ಡವರು ಲೂಕ 19ರ ಎಂಟನೇ ವಚನಕ್ಕೆ ಬಂದಾಗ ಗಡಿಯಾರ ನೋಡಲು ಶುರು ಮಾಡುತ್ತಾರೆ. ಅಲ್ಲಿ ಅವನು ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಅನ್ನುತ್ತಾನೆ. ಆದರೆ ಕ್ರಮ ನೋಡಿ. ಮೊದಲು ಯೇಸು "ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು" ಅಂದ. ಲೆಕ್ಕ ಬಂದಿದ್ದು ಆಮೇಲೆ. ಕೊಟ್ಟು ಕೊಂಡುಕೊಂಡ ಕ್ಷಮೆ ಅಲ್ಲ ಅದು. ಮನೆಗೆ ಬಂದವನನ್ನು ನೋಡಿದ ಮೇಲೆ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ.

ಕೋಟೆ ಹುಡುಗನಿಗೆ: ತಮ್ಮಾ, 1 ಯೋಹಾನ 1:9 ನನಗೂ ಪ್ರಾಣ. ಯಾಕೋಬ 5:16 ಕೂಡ ಓದು. ಒಬ್ಬರಿಗೊಬ್ಬರು ಪಾಪ ಒಪ್ಪಿಕೊಳ್ಳಿ ಅಂತ ಇದೆ. ಮತ್ತಾಯ 5ರಲ್ಲಿ, ಕಾಣಿಕೆ ಹಿಡಿದುಕೊಂಡು ಬಂದವನಿಗೆ ಅದನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಹೋದರನ ಜೊತೆ ಸರಿ ಮಾಡಿಕೋ ಅಂತ ಇದೆ. ನೆನಪು ಮಾಡುವುದೆಲ್ಲ ಸೈತಾನನ ಕೆಲಸ ಅಲ್ಲ. ಅಲ್ಲಿ ಕಾಣಿಕೆ ಹಿಡಿದವನಿಗೂ ನೆನಪು ಬಂದಿದ್ದು ವೇದಿಯ ಮುಂದೇ.

ಟೀಚರಮ್ಮ (ಹೊಳಲ್ಕೆರೆ):

ನಾನು ಹೇಳುವುದು ಕೆಲವರಿಗೆ ಹಿಡಿಸದೇ ಇರಬಹುದು.

ನಮ್ಮಪ್ಪ ಕುಡಿಯುತ್ತಿದ್ದರು. ವರ್ಷಕ್ಕೊಮ್ಮೆ ದೊಡ್ಡ ಕೂಟಕ್ಕೆ ಹೋಗಿ ಮುಂದೆ ನಿಂತು ಸಾಕ್ಷಿ ಹೇಳುತ್ತಿದ್ದರು. ಎಷ್ಟು ಚೆನ್ನಾಗಿ ಹೇಳುತ್ತಿದ್ದರು ಅಂದರೆ, ಜನ ಅತ್ತುಬಿಡುತ್ತಿದ್ದರು. ನಾನು, ಅಮ್ಮ ಹಿಂದಿನ ಸಾಲಿನಲ್ಲಿ. ಅಮ್ಮ ಸೆರಗಿನ ತುದಿ ಬೆರಳಿಗೆ ಸುತ್ತುವುದು, ಬಿಚ್ಚುವುದು, ಸುತ್ತುವುದು. ಅವರ ಮುಂಗೈಯಲ್ಲಿ ಹಿಂದಿನ ವಾರದ ಗಾಯ ಇನ್ನೂ ಹಸಿ ಇರುತ್ತಿತ್ತು. ಹದಿನೈದು ದಿನ ಚೆನ್ನಾಗಿರುತ್ತಿದ್ದರು. ಆಮೇಲೆ ಅದೇ ಹಾಡು.

ಅಪ್ಪ ಯೇಸುವಿನ ಹತ್ತಿರ ನೂರು ಸಲ ಕ್ಷಮೆ ಕೇಳಿದ್ದಾರೆ. ಅಮ್ಮನ ಹತ್ತಿರ ಒಂದು ಸಲವೂ ಕೇಳಲಿಲ್ಲ.

51ನೇ ಕೀರ್ತನೆ ಎಲ್ಲರಿಗೂ ಇಷ್ಟ. ಹಿಮಕ್ಕಿಂತ ಬೆಳ್ಳಗೆ ಮಾಡು, ಶುದ್ಧ ಹೃದಯ ಕೊಡು. ನನಗೆ ಅದರ ನಾಲ್ಕನೇ ವಚನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನಿನಗೇ, ನಿನಗೊಬ್ಬನಿಗೇ ತಪ್ಪು ಮಾಡಿದ್ದೇನೆ ಅಂತಾನೆ ರಾಜ ದಾವೀದ. ಹಾಗಾದರೆ ಊರೀಯ? ಯುದ್ಧದಲ್ಲಿ ಮುಂದೆ ನಿಲ್ಲಿಸಿ ಕೊಲ್ಲಿಸಿದ್ದು ಅವನನ್ನಲ್ಲವಾ? ಅವನಿಂದ ಕಿತ್ತುಕೊಂಡ ಅವನ ಹೆಂಡತಿ ಬತ್ಷೆಬೆ? ಅಯ್ಯನವರೇ, ಉತ್ತರ ಇದ್ದರೆ ಹೇಳಿ. ತಮಾಷೆಗೆ ಕೇಳುತ್ತಿಲ್ಲ.

ನಿವೃತ್ತ_ಸಭಾಪಾಲಕ:

ಟೀಚರಮ್ಮ, ಇದಕ್ಕೆ ಜಾಣತನದ ಉತ್ತರಗಳಿವೆ. ನಿಮ್ಮ ಅಮ್ಮನ ಕೈ ನೆನೆಸಿಕೊಂಡರೆ ಅವು ಯಾವುವೂ ಹೇಳಬೇಕು ಅನಿಸುವುದಿಲ್ಲ.

ಒಂದು ಮಾತ್ರ ಹೇಳುತ್ತೇನೆ. ದಾವೀದ ತಾನಾಗಿ ಒಪ್ಪಿಕೊಂಡವನಲ್ಲ. ಪ್ರವಾದಿ ನಾತಾನ ಮನೆಗೆ ಬಂದು ಬಡವನ ಒಂದೇ ಒಂದು ಕುರಿಮರಿಯ ಕಥೆ ಹೇಳಿದ. ಆ ಶ್ರೀಮಂತ ಸಾಯಬೇಕು, ಕುರಿಗೆ ನಾಲ್ಕರಷ್ಟು ಕೊಡಬೇಕು ಅಂತ ದಾವೀದ ಸಿಟ್ಟಾದ ಮೇಲೆ "ನೀನೇ ಆ ಮನುಷ್ಯ" ಅಂದ. ಕ್ಷಮೆ ಅದೇ ಗಳಿಗೆಯಲ್ಲಿ ಸಿಕ್ಕಿತು, ನಿಜ. ಆದರೆ ಕತ್ತಿ ನಿನ್ನ ಮನೆ ಬಿಟ್ಟು ಹೋಗುವುದಿಲ್ಲ ಅನ್ನುವ ಮಾತೂ ಅಲ್ಲೇ ಇದೆ. ಕ್ಷಮೆ ಸಿಕ್ಕಿತು ಅಂತ ಊರೀಯ ಎದ್ದು ಬರಲಿಲ್ಲ. ನಮ್ಮ ಕೂಟಗಳಲ್ಲಿ ಕೀರ್ತನೆ ಹಾಡುತ್ತೇವೆ, ನಾತಾನನನ್ನು ಕರೆಯುವುದಿಲ್ಲ. ಇದರಲ್ಲಿ ನನ್ನ ತಪ್ಪೂ ಇದೆ. ಮುಂದೆ ಬಂದು ಅತ್ತವರನ್ನು ನಾನೂ ಬೆನ್ನು ತಟ್ಟಿ ಕಳಿಸಿದ್ದೇನೆ, ಮನೆಯಲ್ಲಿ ಯಾರಿದ್ದಾರೆ ಅಂತ ಕೇಳದೆ.

ಕೋಟೆ_ಹುಡುಗ (ಚಿತ್ರದುರ್ಗ):

ಟೀಚರ್, ನಿಮ್ಮದು ಓದಿದ ಮೇಲೆ ಏನು ಬರೆಯಬೇಕೋ ತಿಳಿಯಲಿಲ್ಲ. ಮೇಲೆ ನಾನು ಮುಗಿಯಿತು ಅಂದಿದ್ದೆ. ಸ್ವಲ್ಪ ಬೇಗ ಅಂದೆ ಅನಿಸುತ್ತದೆ. ಕ್ಷಮೆ ಪುಕ್ಕಟೆ ಅನ್ನುವುದನ್ನು ಮಾತ್ರ ಬಿಡುವುದಿಲ್ಲ.

ಬೆಣ್ಣೆ_ಖಾಲಿ:

ಹರಿಹರದ ಬೆಸಿಲಿಕಾದಲ್ಲಿ ಭಾನುವಾರದ ಪೂಜೆ ಎಷ್ಟು ಗಂಟೆಗೆ? ಊರಿಂದ ಅತ್ತೆ ಬಂದಿದ್ದಾರೆ.

ತುಂಗೆಯ_ದಂಡೆ (ಹರಿಹರ):

ಅದಕ್ಕೆ ಬೇರೆ ಥ್ರೆಡ್ ಇದೆಯಲ್ಲಪ್ಪಾ, ಅಲ್ಲಿ ಕೇಳಿ.

ಹಳೇ_ಗುಮಾಸ್ತ (ದಾವಣಗೆರೆ):

ಎಲ್ಲರದ್ದೂ ಓದಿದೆ. ಪಕ್ಕದ ಮನೆಯವರದ್ದು ಮೂರು ಸಲ ಓದಿದೆ. ನಿಮಗೆ ಏನು ಹೇಳಬೇಕೋ ಗೊತ್ತಿಲ್ಲ ಸರ್. ಕ್ಷಮಿಸಿ ಅಂತ ಇಲ್ಲಿ ಟೈಪ್ ಮಾಡಿದರೆ ಅದೂ ಸುಲಭದ್ದೇ ಆಗುತ್ತದೆ.

ನಿನ್ನೆ ರಾತ್ರಿ ಕೂತು ನೆನಪಿದ್ದ ಹೆಸರು ಬರೆದೆ. ನಾಲ್ಕು ವರ್ಷದಲ್ಲಿ ಸಾವಿರಾರು ಚೀಲ. ಹೆಸರು ನೆನಪಾಗಿದ್ದು ಹನ್ನೊಂದು. ಅದರಲ್ಲೂ ಊರು ಖಚಿತವಾಗಿ ಗೊತ್ತಿದ್ದು ನಾಲ್ಕು. ಒಬ್ಬರು ಜಗಳೂರು ತಾಲ್ಲೂಕಿನ ಹಿರಿಯರು. 2010ರಲ್ಲಿ 40 ಚೀಲ ತಂದಿದ್ದರು. ಅವರು ಯಾಕೆ ನೆನಪು ಅಂದರೆ, ತೂಕ ಆದ ಮೇಲೆ ಚೀಲದಲ್ಲಿ ಇಟ್ಟಿದ್ದ ರೊಟ್ಟಿ, ಶೇಂಗಾ ಚಟ್ನಿ ತೆಗೆದು ನನಗೂ ಕೊಟ್ಟರು. ತಿಂದೆ.

40 ಚೀಲಕ್ಕೆ 40 ಕೆ.ಜಿ. ಆಗ ಕ್ವಿಂಟಾಲ್‌ಗೆ 900 ರೂಪಾಯಿ ಆಸುಪಾಸು. 360 ರೂಪಾಯಿ ಆಯಿತು. ಇದರಲ್ಲಿ ನನ್ನ ಕೈಗೆ ಬಂದಿದ್ದು ಸ್ವಲ್ಪ, ಉಳಿದಿದ್ದು ಮಾಲೀಕರಿಗೆ. ನಾನು ಎಷ್ಟು ಕೊಡಬೇಕು? ಉಳಿದ ಏಳು ಜನರನ್ನು ಎಲ್ಲಿ ಹುಡುಕಲಿ? ಹೆಸರೇ ನೆನಪಿಲ್ಲದವರಿಗೆ ಏನು ಮಾಡಲಿ?

ತುಂಗೆಯ_ದಂಡೆ (ಹರಿಹರ):

ಪೂರ್ತಿ ಕೊಡಿ ಅಣ್ಣಾ. ಕೂಗಿದ್ದು ನೀವು. ಮಾಲೀಕರ ಲೆಕ್ಕ ಅವರು ನೋಡಿಕೊಳ್ಳಲಿ. ಯಾರದ್ದು ಅಂತಲೇ ಗೊತ್ತಾಗದ ದುಡ್ಡು ಬಡವರಿಗೆ ಹೋಗಬೇಕು, ನಮ್ಮಲ್ಲಿ ಹಾಗೆ ಕಲಿಸುತ್ತಾರೆ. ಆದರೆ ಹುಡುಕಲು ಆಗುವವರನ್ನು ಮೊದಲು ಹುಡುಕಬೇಕು. ಹುಂಡಿಗೆ ಹಾಕಿ ಕೈ ತೊಳೆದುಕೊಳ್ಳುವ ಹಾಗಿಲ್ಲ.

ಕೋಟೆ_ಹುಡುಗ (ಚಿತ್ರದುರ್ಗ):

ಸತ್ಯವೇದದ ಅರಣ್ಯಕಾಂಡ 5ನೇ ಅಧ್ಯಾಯ ಇದಕ್ಕೆ ಸರಿಯಾಗಿ ಇದೆ ಅಣ್ಣಾ. ತಪ್ಪು ಒಪ್ಪಿಕೊಂಡು, ಪೂರ್ತಿ ಮೊತ್ತ ಕೊಟ್ಟು, ಮೇಲೆ ಐದನೇ ಒಂದು ಭಾಗ ಸೇರಿಸಬೇಕು. ಆ ಮನುಷ್ಯನೂ ಇಲ್ಲ, ಹತ್ತಿರದ ಬಂಧುವೂ ಇಲ್ಲ ಅಂದರೆ ಆಗ ಯಾಜಕನ ಕೈಗೆ, ದೇವರಿಗೆ. 360ಕ್ಕೆ 72 ಸೇರಿಸಿ 432.

ಪಕ್ಕದ_ಮನೆಯವ (ದಾವಣಗೆರೆ):

432? ಇವತ್ತು ಒಂದು ದಿನದ ಕೂಲಿಯೂ ಆಗುವುದಿಲ್ಲ. ನೀವು ತೆಗೆದಿದ್ದು ದುಡ್ಡಲ್ಲ, ಜೋಳ. 2025-26ರ ಬೆಂಬಲ ಬೆಲೆ ಕ್ವಿಂಟಾಲ್‌ಗೆ 2,400. 40 ಕೆ.ಜಿ.ಗೆ 960 ಆಗುತ್ತದೆ. ಜಕ್ಕಾಯನ ಲೆಕ್ಕ ಹಿಡಿದರೆ 3,840. (ನೋಡಿ, ನಿಮ್ಮ ಸತ್ಯವೇದ ನನಗೂ ಬಂತು.)

ನಿವೃತ್ತ_ಸಭಾಪಾಲಕ:

ಲೆಕ್ಕ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಗುಮಾಸ್ತರಿಗೆ ಒಂದು ಎಚ್ಚರಿಕೆ. ದುಡ್ಡು ವಾಪಸ್ ಕೊಟ್ಟವನು ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ ಕೂಡ. ಅದಕ್ಕೆ ಸಿಕ್ಕ 30 ಬೆಳ್ಳಿ ನಾಣ್ಯ ದೇವಾಲಯದಲ್ಲಿ ಎಸೆದು ಬಂದ. ತಪ್ಪು ಮಾಡಿದೆ ಅಂತ ಬಾಯಿಬಿಟ್ಟು ಹೇಳಿದ. ಇನ್ನೊಬ್ಬ ಶಿಷ್ಯ ಪೇತ್ರ, ಯೇಸು ಯಾರೋ ಗೊತ್ತಿಲ್ಲ ಅಂತ ಮೂರು ಸಲ ಅಂದವನು, ವಾಪಸ್ ಕೊಡಲು ಅವನ ಕೈಯಲ್ಲಿ ಏನೂ ಇರಲಿಲ್ಲ. ಅತ್ತ ಅಷ್ಟೇ. ಆದರೆ ಉಳಿದವರ ಹತ್ತಿರಕ್ಕೆ ವಾಪಸ್ ಬಂದ, ಅವರ ಜೊತೆ ಇದ್ದ. ಯೂದ ಒಬ್ಬನೇ ಹೋದ.

ಹಾಗಾಗಿ ರಾತ್ರಿ ಒಬ್ಬರೇ ಕೂತು ಪಟ್ಟಿ ಬರೆಯಬೇಡಿ. ಹೆಂಡತಿಗೆ ತೋರಿಸಿ. ಜಗಳೂರಿಗೆ ಹೋಗುವಾಗ ಯಾರನ್ನಾದರೂ ಕರೆದುಕೊಂಡು ಹೋಗಿ. ನನಗೆ ಮೊಣಕಾಲು ನೋವು, ಇಲ್ಲದಿದ್ದರೆ ನಾನೇ ಬರುತ್ತಿದ್ದೆ.

ಟೀಚರಮ್ಮ (ಹೊಳಲ್ಕೆರೆ):

ಮತ್ತೆ ಅವರು ನಿಮ್ಮನ್ನು ಕ್ಷಮಿಸಲೇಬೇಕು ಅಂದುಕೊಂಡು ಹೋಗಬೇಡಿ. ಸುಮ್ನೆ ಕೊಟ್ಟು ಬನ್ನಿ. ಕ್ಷಮಿಸುವುದು ಬಿಡುವುದು ಅವರ ಇಷ್ಟ.

ಹಳೇ_ಗುಮಾಸ್ತ (ದಾವಣಗೆರೆ):

ಹೋಗಿ ಬಂದೆ. ಹೆಂಡತಿಯೂ ಬಂದಿದ್ದಳು. ಪಟ್ಟಿ ನೋಡಿ ಅವಳು ಒಂದು ದಿನ ಮಾತಾಡಲಿಲ್ಲ. ಹದಿನೈದು ವರ್ಷ ಗೊತ್ತಿರಲಿಲ್ಲವಲ್ಲ ಅವಳಿಗೆ. "ಮಗಳಿಗೆ ಮಿರ್ಚಿ ತರ್ತಿದ್ರಲ್ಲ, ಅದೂ ಇದೇ ದುಡ್ಡಾ?" ಅಂದಳು. ಹೂಂ ಅಂದೆ.

ಊರಲ್ಲಿ ಮನೆ ಹುಡುಕುವುದು ಕಷ್ಟ ಆಗಲಿಲ್ಲ. ಹಿರಿಯರು ಇದ್ದಾರೆ. ಕಣ್ಣು ಮಂಜಾಗಿದೆ, ಕಟ್ಟೆ ಮೇಲೆ ಕೂತಿದ್ದರು. ನಾನು ಇಂಥ ಮಂಡಿಯ ಗುಮಾಸ್ತ ಅಂದೆ. ನೆನಪಾಗಲಿಲ್ಲ. ವಿಷಯ ಹೇಳಿದೆ. ಹೇಳಲು ಬಸ್ಸಲ್ಲಿ ಎಷ್ಟೋ ಸಲ ಅಭ್ಯಾಸ ಮಾಡಿಕೊಂಡಿದ್ದೆ. ಅಲ್ಲಿ ಬಾಯಿಗೆ ಬಂದಿದ್ದು ಇಷ್ಟೇ: "ಯಜಮಾನ್ರೇ, ನಿಮ್ಮ ಚೀಲ 61 ಇತ್ತು, ನಾನು 60 ಕೂಗಿದೆ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿತ್ತು ಬಿಡು" ಅಂದರು. "ಮನೇಲಿ ತೂಗಿಕೊಂಡೇ ಬರ್ತಿದ್ವಿ. ಎಲ್ಲಿ ಹೋದರೂ ಅಷ್ಟೇ ಅಂತ ಸುಮ್ನಿದ್ವಿ."

ಅವರಿಗೆ ಗೊತ್ತಿತ್ತು ಅನ್ನುವುದು ಹದಿನೈದು ವರ್ಷದಲ್ಲಿ ಒಂದು ಸಲವೂ ನನ್ನ ತಲೆಗೆ ಬಂದಿರಲಿಲ್ಲ. ಗೊತ್ತಿದ್ದೂ ಅವತ್ತು ರೊಟ್ಟಿ ಕೊಟ್ಟಿದ್ದರು.

3,840 ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿದ್ದೆ. ಮೊಮ್ಮಗನ ಕೈಲಿ ಎಣಿಸಿದರು. ಎರಡು ಸಲ. ಕ್ಷಮಿಸಿದೆ ಅಂತ ಏನೂ ಅನ್ನಲಿಲ್ಲ, ಬೈಯಲೂ ಇಲ್ಲ. ದುಡ್ಡು ಮಡಚಿ ಒಳಜೇಬಿಗೆ ಇಟ್ಟುಕೊಂಡು, "ಅವತ್ತು ನನ್ನ ಗಾಡೀಲಿ ಪಕ್ಕದ ಹೊಲದವನ 25 ಚೀಲಾನೂ ಇತ್ತಲ್ಲ. ಅವನದ್ದು ಯಾವಾಗ ಕೊಡ್ತೀಯ?" ಅಂದರು.

ಅದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಆ ಮನುಷ್ಯ ತೀರಿಕೊಂಡಿದ್ದಾರೆ. ಹೆಂಡತಿ ಇದ್ದಾರೆ, ಈಗ ಮಗಳ ಮನೆಯಲ್ಲಿ, ಚಳ್ಳಕೆರೆಯಲ್ಲಿ. ವಿಳಾಸ ಬರೆಸಿಕೊಂಡು ಬಂದೆ.

ಮುಂದಿನ ಭಾನುವಾರ ಆರಾಧನೆ ಮುಗಿಸಿಕೊಂಡು ಹೊರಡಬೇಕು ಅಂತಿದ್ದೇನೆ. ದಾವಣಗೆರೆಯಿಂದ ಚಳ್ಳಕೆರೆಗೆ ಮಧ್ಯಾಹ್ನ ನೇರ ಬಸ್ ಇದೆಯಾ, ಚಿತ್ರದುರ್ಗದಲ್ಲಿ ಇಳಿದು ಬದಲಾಯಿಸಬೇಕಾ? ಗೊತ್ತಿದ್ದವರು ಹೇಳಿ.

ಪಕ್ಕದ_ಮನೆಯವ (ದಾವಣಗೆರೆ):

ದುರ್ಗದಲ್ಲಿ ಬದಲಾಯಿಸಿದರೇ ಸಲೀಸು, ಅಲ್ಲಿಂದ ಬಸ್ಸು ಜಾಸ್ತಿ. ಭಾನುವಾರ ನನಗೂ ರಜೆ, ಗಾಡಿ ಇದೆ. ಬೇಕಿದ್ದರೆ ಮೆಸೇಜ್ ಹಾಕಿ. ದಾರಿಯಲ್ಲಿ ನಮ್ಮಪ್ಪನ ಹೆಸರು ಹೇಳುತ್ತೇನೆ. ನಿಮ್ಮ ಪುಸ್ತಕದಲ್ಲಿ ಇತ್ತಾ ಇಲ್ಲವಾ ನೀವೇ ಹೇಳಬೇಕು.